ಚಪ್ಪಾಳೆ ಮತ್ತು ಪಂಕ್ತಿ

1963ರ ಮೇ 23ರಂದು ಅಮೆರಿಕದ ಕಪ್ಪು ಸ್ಯಾಕ್ಸೋಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್ ಪ್ಯಾರಿಸ್ಸಿನಲ್ಲಿ ‘ಅವರ್ ಮ್ಯಾನ್ ಇನ್ ಪ್ಯಾರಿಸ್’ ಎಂಬ ಜಾಝ್ ಆಲ್ಬಂ ಧ್ವನಿಮುದ್ರಿಸಿದರು. ಪಿಯಾನೋ ನುಡಿಸಿದ ಬಡ್ ಪೊವೆಲ್, ಡ್ರಮ್ಸ್ ಬಾರಿಸಿದ ಕೆನ್ನಿ ಕ್ಲಾರ್ಕ್ ಕೂಡ ಅವರಂತೆಯೇ ಅಮೆರಿಕ ಬಿಟ್ಟು ಯುರೋಪಿನಲ್ಲಿ ನೆಲೆಸಿದ್ದವರು. ಅದೇ ತಿಂಗಳ ಮೊದಲ ವಾರ ಅವರ ದೇಶದ ಬರ್ಮಿಂಗ್‌ಹ್ಯಾಮಿನಲ್ಲಿ, ಸಮಾನತೆ ಕೇಳಿ ಬೀದಿಗಿಳಿದ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟಿದ್ದರು.

ಹಿಮಾಯತ್‌ನಗರದ ನನ್ನ ಫ್ಲ್ಯಾಟಿನಲ್ಲಿ ಈ ಆಲ್ಬಂ ಕೇಳುವಾಗ ಮೊದಲೆಲ್ಲ ಅನ್ನಿಸುತ್ತಿತ್ತು: ಮನೆ ಉರಿಯುವಾಗ ದೂರದಲ್ಲಿ ನುಡಿಸುತ್ತ ಕೂರುವುದು ಸರಿಯೇ? ಈಗ ಹಾಗನ್ನಿಸುವುದಿಲ್ಲ. ಅವಮಾನ ಸಹಿಸಿಕೊಂಡು ಅಲ್ಲೇ ಇರಿ ಎನ್ನಲು ನಾನ್ಯಾರು?

ಕಾಡುವುದು ಬೇರೆಯದೇ ಪ್ರಶ್ನೆ. 1961ರ ಅಕ್ಟೋಬರ್ 17ರ ರಾತ್ರಿ ಇದೇ ಪ್ಯಾರಿಸ್ಸಿನ ಪೊಲೀಸರು ಮೆರವಣಿಗೆಗೆ ಬಂದ ಅಲ್ಜೀರಿಯನ್ನರನ್ನು ಹೊಡೆದು ಕೊಂದರು, ಕೆಲವರನ್ನು ಸೆನ್ ನದಿಗೆ ಎಸೆದರು. ಕಪ್ಪು ಕಲಾವಿದರಿಗೆ ಚಪ್ಪಾಳೆ ತಟ್ಟಿದ ಊರೇ ಅದು. ಹಾಗಾದರೆ ಆ ಚಪ್ಪಾಳೆಯ ಬೆಲೆ ಏನು?

ನಮ್ಮಲ್ಲೂ ಇದು ಹೊಸದಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಬಾಲಕಿ ಗಂಗೂಬಾಯಿ ಹಾನಗಲ್ಲರಿಗೆ, ಊಟದ ನಂತರ ಎಲೆ ಎತ್ತಲು ಹೇಳಿಯಾರೆಂಬ ಭಯವಿತ್ತಂತೆ. ದನಿಗೆ ಸಿಗುವ ಗೌರವ ಪಂಕ್ತಿಯಲ್ಲೂ ಸಿಗುತ್ತದೆಂಬ ಭರವಸೆ ಆ ಮಗುವಿಗಿರಲಿಲ್ಲ.

ಕಳೆದ ಗಣೇಶ ಹಬ್ಬದಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ‘ಬೆಂಗಳೂರು ಸರ್’ ಹಾಡಲೇಬೇಕೆಂದು ನನ್ನನ್ನು ವೇದಿಕೆಗೆ ಹತ್ತಿಸಿದರು. ಒಂದು ದಾಸರ ಪದ ಹಾಡಿದೆ. ಮಾತು ತಿಳಿಯದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಊರು ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಮನಸ್ಸು ತುಂಬಿತು.

ಊಟ ಮುಗಿಸಿ ಕೆಳಗಿಳಿದಾಗ ವಾಚ್‌ಮನ್ ಪಾರ್ಕಿಂಗಿನಲ್ಲಿ ನಿಂತೇ ಉಣ್ಣುತ್ತಿದ್ದ. ಯಾದಗಿರಿ ಕಡೆಯವನು. “ನಿಮ್ ಹಾಡು ಭಾಳ ಚಲೋ ಆತ್ರಿ ಸಾಹೇಬ್ರ” ಅಂದ. ಆ ಇಡೀ ಸಭೆಯಲ್ಲಿ ನನ್ನ ಹಾಡಿನ ಅರ್ಥ ತಿಳಿದಿದ್ದವನು ಅವನೊಬ್ಬನೇ. ಅವನೂ ನನ್ನಂತೆ ಕೆಲಸಕ್ಕಾಗಿ ಗಡಿ ದಾಟಿ ಬಂದವನು. ಕೆಲಸದವರ ಊಟ ಕೊನೆಗೆ, ಕೆಳಗೆ ಎಂದು ನಿರ್ಧರಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಆಗ ಸುಮ್ಮನಿದ್ದೆ.

ಗಾರ್ಡನ್ ಪ್ಯಾರಿಸ್ಸಿನಲ್ಲಿ ನುಡಿಸಿದ್ದು ತಪ್ಪಲ್ಲ, ನಾನು ಹೈದರಾಬಾದಿನಲ್ಲಿ ಸುಖವಾಗಿರುವುದೂ ತಪ್ಪಲ್ಲ. ಆದರೆ ನನಗೆ ಸಿಕ್ಕ ಮರ್ಯಾದೆಯನ್ನೇ ಊರಿನ ಒಳ್ಳೆಯತನಕ್ಕೆ ಸಾಕ್ಷಿ ಮಾಡಿಕೊಂಡರೆ ಅದು ಸುಳ್ಳು ಸಾಕ್ಷಿ.

ಈ ಭಾನುವಾರ ಸಮಿತಿಯ ಸಭೆಯಿದೆ. ಮುಂದಿನ ಹಬ್ಬದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಎಂದು ಅಜೆಂಡಾದಲ್ಲಿ ಸೇರಿಸಿ ಕಳಿಸಿದ್ದೇನೆ. ಇನ್ನೂ ಯಾರೂ ಉತ್ತರಿಸಿಲ್ಲ.