ಹಾಸಿಗೆಯೂ ದಾಸೋಹವೇ

ದಾಸೋಹವೆಂದೊಡನೆ ಭಕ್ತನ ಮನಸ್ಸು ಅನ್ನದ ಪಂಕ್ತಿಯ ಕಡೆಗೆ ಹರಿಯುವುದು ಸಹಜ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು ಹಸಿದು ಬಂದವನ ಹಸಿವನ್ನು ನೋಡಿದರಲ್ಲದೆ ಕುಲವನ್ನು ಕೇಳಲಿಲ್ಲ. ಅವರ ನಾಡಿನಲ್ಲಿಯೇ ಇಂದು ಇನ್ನೊಂದು ಪಂಕ್ತಿಯಿದೆ. ಅದು ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆಗಾಗಿ ಕಾದಿರುವ ರೋಗಿಗಳ ಪಂಕ್ತಿ.

ಆಡಕಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆ ತೊಗರಿಯ ಹೊಲಗಳ, ಕಲ್ಲುಗಣಿಗಳ, ಸಿಮೆಂಟು ಕಾರ್ಖಾನೆಗಳ ಸೀಮೆ. ಇಲ್ಲಿಯ ಬಡ ಕಾಯಕಜೀವಿಗೆ ರೋಗವು ಬಲಿತರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕಲಬುರಗಿ. ಎಲ್ಲ ದಾರಿಗಳೂ ಒಂದೇ ಬಾಗಿಲಿಗೆ ಬಂದು ಸೇರಿದರೆ ಆ ಬಾಗಿಲು ಇಕ್ಕಟ್ಟಾಗದೆ ಇದ್ದೀತೆ? ಸಾವಿರ ಜನರಿಗೆ 2 ಹಾಸಿಗೆಗಳಿರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಗುರಿಯಿಟ್ಟಿತು. 2021ರ ಕೊರೋನಾ ಅಲೆಯಲ್ಲಿ ಹಾಸಿಗೆ ದೊರೆಯದೆ ಜನರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದುದನ್ನು ದೇಶವೆಲ್ಲ ಕಂಡಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಕಟ್ಟಡ ತೆರೆದುದು ಸಂತೋಷದ ಸಂಗತಿ. ಇಂತಹವು ಇನ್ನೂ ಆಗಬೇಕೆಂದು ಆಳುವವರನ್ನು ಕೇಳುವುದು ಪ್ರಜೆಗಳ ಹಕ್ಕು; ನೊಂದವನಿಗೆ ತಾಳ್ಮೆಯನ್ನಷ್ಟೇ ಬೋಧಿಸುವುದು ಧರ್ಮವಲ್ಲ.

ಆದರೆ ಭಕ್ತನು ತನ್ನನ್ನೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ತಂದೆಯ ಜ್ವರ ಇಳಿದಿದೆ, ಮನೆಗೆ ಕರೆದೊಯ್ಯಬಹುದೆಂದು ವೈದ್ಯರು ಹೇಳಿದ್ದಾರೆ. ಆದರೂ ಇನ್ನೆರಡು ದಿನ ಇರಲೆಂದು ಮಗನು ದೊಡ್ಡವರಿಂದ ಹೇಳಿಸುತ್ತಾನೆ. ಪಿತೃಭಕ್ತಿ ತಪ್ಪಲ್ಲ. ಆದರೆ ಅದೇ ಹೊತ್ತಿನಲ್ಲಿ ಹೊರಗಿನ ಪಡಸಾಲೆಯ ಚಾಪೆಯ ಮೇಲೆ ಉಸಿರಿಗೆ ತಿಣುಕುತ್ತಿರುವ ಮುದುಕನೂ ಒಬ್ಬರ ತಂದೆಯೇ. ಅವನಿಗೆ ಹೇಳಿಸುವವರು ಯಾರೂ ಇಲ್ಲ. ಶಿಫಾರಸಿನಿಂದ ಪಡೆದ ಹಾಸಿಗೆ ಬರಿದಾದುದಲ್ಲ. ಅದು ಇನ್ನೊಬ್ಬನಿಂದ ಕಸಿದುದು. ಉಂಡು ತೃಪ್ತನಾದವನು ಪಂಕ್ತಿಯಿಂದ ಏಳದಿದ್ದರೆ ಹಸಿದವನು ಕೂಡುವುದೆಲ್ಲಿ?

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ರೋಗಿಯ ಶುಶ್ರೂಷೆಯೇ ಅವನ ಕಾಯಕ. ಆ ಕಾಯಕವನ್ನು ಇಂದು ಹೊತ್ತಿರುವ ದಾದಿಯರ, ವೈದ್ಯರ ಮೇಲೆ ಕೂಗಾಡುವುದರಿಂದ ಹಾಸಿಗೆಗಳು ಹೆಚ್ಚುವುದಿಲ್ಲ. ಸಕ್ಕರೆಯ ರೋಗ, ರಕ್ತದೊತ್ತಡಗಳನ್ನು ಸಮೀಪದ ಆರೋಗ್ಯ ಕೇಂದ್ರದಲ್ಲಿ ಮೊದಲೇ ತೋರಿಸಿಕೊಂಡು ಔಷಧವನ್ನು ತಪ್ಪದೆ ಸೇವಿಸುವವನು ಮುಂದೆ ಎಷ್ಟೋ ದಿನಗಳ ಹಾಸಿಗೆಯನ್ನು ಇನ್ನೊಬ್ಬನಿಗೆ ಉಳಿಸುತ್ತಾನೆ.

ಗುಣವಾದೊಡನೆ ಎದ್ದು ಸ್ಥಳ ಬಿಡುವುದು, ಹೆಚ್ಚು ನೊಂದವನನ್ನು ಮುಂದೆ ಬಿಡುವುದು, ದಿಕ್ಕಿಲ್ಲದ ರೋಗಿಗೆ ಒಂದು ತಂಬಿಗೆ ನೀರು ಕೊಡುವುದು—ಇವು ಸಣ್ಣ ಕೆಲಸಗಳಲ್ಲ. ಕರಸ್ಥಲದ ಲಿಂಗವನ್ನು ಪೂಜಿಸುವ ಕೈ ನೆಲದ ಮೇಲೆ ಮಲಗಿರುವ ಜೀವವನ್ನು ಎತ್ತಿದಾಗಲೇ ಪೂಜೆ ಪೂರ್ಣವಾಗುವುದು.