ಇಂದಿನ ಧಮ್ಮ ಚಿಂತನೆ: ಬಾಗಿದ ಕಂಬಕ್ಕೆ ಯಾರು ಹೊಣೆ?



1929ರಲ್ಲಿ ಬಾಬಾಸಾಹೇಬರು ಚಾಳೀಸ್‌ಗಾಂವ್ ರೈಲು ನಿಲ್ದಾಣದಲ್ಲಿ ಇಳಿದಾಗ ಅವರನ್ನು ಕೇರಿಗೆ ಕರೆದೊಯ್ಯಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಿದರೆ ತಮ್ಮ ಮರ್ಯಾದೆ ಹೋಗುತ್ತದೆ ಎಂಬುದು ಅವರ ಮಾತು. ಕೊನೆಗೆ, ಗಾಡಿ ಬೇಕಾದರೆ ಬಾಡಿಗೆಗೆ ಕೊಡುತ್ತೇವೆ, ಓಡಿಸುವುದಿಲ್ಲ ಎಂದರು. ನಮ್ಮ ಜನ ಈ ಅವಮಾನವನ್ನು ಅತಿಥಿಗೆ ತಿಳಿಸಲಿಲ್ಲ. ಟಾಂಗಾ ಓಡಿಸಿ ಗೊತ್ತೇ ಇಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಹೊಳೆಯ ಸೇತುವೆಯ ಮೇಲೆ ಚಕ್ರ ಕಲ್ಲುಗಳ ನಡುವೆ ಸಿಕ್ಕಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದು ಕಾಲಿನ ಮೂಳೆ ಮುರಿಯಿತು. ಕುದುರೆ ಗಾಡಿ ಎರಡೂ ಹೊಳೆಗೆ ಬಿದ್ದವು.

'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅತಿಥಿಯ ಮರ್ಯಾದೆ ಯೋಚಿಸುವ ಭರದಲ್ಲಿ ಅತಿಥಿಯ ಸುರಕ್ಷತೆ ಮರೆತುಹೋಯಿತು ಎನ್ನುತ್ತಾರೆ. ಆದರೆ ಆ ಬರಹ ಮುಗಿಯುವುದು ಲಗಾಮು ಹಿಡಿದವನನ್ನು ದೂರಿ ಅಲ್ಲ. ಬ್ಯಾರಿಸ್ಟರ್ ಆದವನಿಗಿಂತಲೂ ತಾನೇ ಮೇಲು ಎಂದುಕೊಳ್ಳುವ ಟಾಂಗಾದವನ ಮನಸ್ಸಿನ ಮೇಲೆ ಅವರು ಬೆರಳಿಡುತ್ತಾರೆ.

ಹೋದ ಭಾನುವಾರದ ಸಭೆಯಲ್ಲಿ ನಡೆದ ಜಗಳಕ್ಕೂ ಇದಕ್ಕೂ ಸಂಬಂಧ ಉಂಟು. ಚಿಂತಾಮಣಿಯಲ್ಲಿ ಮಾಡಿಸಿದ 20 ಅಡಿಯ ಧ್ವಜಕಂಬ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗಬೇಕಿತ್ತು. ಪಿಕಪ್ ಗಾಡಿಯ ತೊಟ್ಟಿ ಇರುವುದು ಸುಮಾರು 8 ಅಡಿ. ಪಂಚಶೀಲ ಧ್ವಜ ಹಾರುವ ಕಂಬವನ್ನು ಸಿಮೆಂಟ್ ಮೂಟೆಗಳ ಪಕ್ಕ ಕೆಳಗೆ ಮಲಗಿಸಬಾರದು, ಎತ್ತರದಲ್ಲೇ ಇರಲಿ ಎಂದು ಹಿರಿಯರು ಹೇಳಿದರು. ಹಾಗಾಗಿ ಒಂದು ಕಡೆ ಕ್ಯಾಬಿನ್ ಮೇಲೆ, ಇನ್ನೊಂದು ಕಡೆ ಹಿಂಬಾಗಿಲ ಅಂಚಿನ ಮೇಲೆ ಇಟ್ಟು ಕಟ್ಟಿದರು. ಉಳಿದದ್ದು ಹಿಂದೆ ನೇತಾಡಿತು. ಪ್ರತಿ ಹಂಪಿಗೂ ಆ ಬಾಲ ಕುಣಿದು, ಶಿಡ್ಲಘಟ್ಟ ಬರುವಷ್ಟರಲ್ಲಿ ಹಿಂಬಾಗಿಲ ಅಂಚಿನ ಜಾಗದಲ್ಲೇ ಪೈಪು ನೆಗ್ಗಿ ಬಾಗಿತ್ತು. ಗಾಡಿ ಓಡಿಸಿದ ಹುಡುಗ ನಮ್ಮವನೇ. ಅವನೇ ದುಡ್ಡು ಕಟ್ಟಿಕೊಡಲಿ ಎಂದರು ಕೆಲವರು. ಬೇಕಂತ ಮಾಡಿದನೇ, ಬಿಡಿ ಎಂದರು ಇನ್ನು ಕೆಲವರು.

ಎರಡನೆಯ ಮಾತಿಗೆ ಧಮ್ಮದ ಆಧಾರ ಇದೆ. ಚೇತನವೇ, ಅಂದರೆ ಉದ್ದೇಶವೇ ಕಮ್ಮ ಎಂದು ಭಗವಾನರು ಬೋಧಿಸಿದರು. ಹುಡುಗನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಅರ್ಧ ಧಮ್ಮ ಹೇಳಿದಂತೆ. ಪರಿನಿಬ್ಬಾಣದ ಹೊತ್ತಿನಲ್ಲಿ ಅವರು ಕೊನೆಯದಾಗಿ ಹೇಳಿದ್ದು ಅಪ್ಪಮಾದದ ಬಗ್ಗೆ, ಎಚ್ಚರ ತಪ್ಪದಿರುವ ಬಗ್ಗೆ. ಆ ಎಚ್ಚರ ಚಾಲಕನೊಬ್ಬನಿಗೆ ಸೇರಿದ್ದೇ? ಕಂಬವನ್ನು ಮೇಲೆ ಇಡಿ ಎಂದವರು, ಹಗ್ಗ ಬಿಗಿದವರು, ಕೈಮುಗಿದು ಬೀಳ್ಕೊಟ್ಟವರು, ಎಲ್ಲರ ಪಾಲೂ ಅದರಲ್ಲಿದೆ. ಹುಡುಗನ ಪಾಲೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ದುಡ್ಡು ಅವನೊಬ್ಬನಿಂದ ಕೇಳುವುದು ನ್ಯಾಯವಲ್ಲ.

ಹಾಯಿದೋಣಿಯನ್ನು ರಸ್ತೆಯಲ್ಲಿ ಸಾಗಿಸುವವರು ಹಾಯಿ ಕಟ್ಟುವ ಕಂಬವನ್ನು ಮೊದಲು ಇಳಿಸಿ ಮಲಗಿಸುತ್ತಾರೆ. ನಿಂತು ಗಾಳಿಯನ್ನು ತಡೆಯುವ ಕಂಬ, ಮಲಗಿಸಿ ಕುಲುಕಿದರೆ ಬಾಗುತ್ತದೆ. ಅದಕ್ಕೇ ಎರಡು ಮೂರು ಕಡೆ ಆಸರೆ ಕೊಟ್ಟು, ಮುಟ್ಟುವ ಜಾಗಕ್ಕೆಲ್ಲ ಮೆತ್ತೆ ಇಟ್ಟು, ಅಲುಗದಂತೆ ಕಟ್ಟಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ನಮಗಾದರೆ ನಾಲ್ಕು ಗೋಣಿಚೀಲ, ಒಂದು ಸರ್ವೆ ಮರದ ತುಂಡು ಸಾಕಾಗಿತ್ತು. ಮಲಗಿಸಿದ್ದರಿಂದ ಧ್ವಜದ ಗೌರವ ಕಡಿಮೆಯಾಗುತ್ತದೆ ಎನ್ನುವವರಿಗೆ ಒಂದು ಮಾತು: ಧಜಗ್ಗ ಸುತ್ತದಲ್ಲಿ, ಭಯವಾದಾಗ ಇಂದ್ರನ ಧ್ವಜದ ತುದಿ ನೋಡುವ ದೇವತೆಗಳ ಕತೆ ಹೇಳಿದ ಭಗವಾನರು, ಅದರಿಂದ ಭಯ ಹೋದರೂ ಹೋದೀತು, ಹೋಗದೆಯೂ ಇದ್ದೀತು ಎಂದರು. ಭಿಕ್ಖುಗಳಿಗೆ ನೆನೆಯಲು ಹೇಳಿದ್ದು ಬುದ್ಧ, ಧಮ್ಮ, ಸಂಘವನ್ನು.

ಇದನ್ನು ಹೇಳಿದಾಗ ಒಬ್ಬ ತಂಗಿ ಕೇಳಿದಳು: "ಅಣ್ಣ, ದಾಟಿದ ಮೇಲೆ ತೆಪ್ಪವನ್ನೇ ಬಿಡಿ ಅಂದ್ರಲ್ಲ ಬುದ್ಧರು. ಒಂದು ಪೈಪಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳೋದು? ಗುಜರಿಗೆ ಹಾಕಿ ಹೊಸದು ತರಬಹುದಲ್ವಾ?" ಒಳ್ಳೆಯ ಪ್ರಶ್ನೆ. ನಂದಿ ಬೆಟ್ಟದ ಸುತ್ತ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟಿದರೂ ವರ್ಷದ ಬಹುಪಾಲು ಮರಳನ್ನೇ ನೋಡುವ ನಮಗೆ ತೆಪ್ಪದ ಉಪಮೆ ಸ್ವಲ್ಪ ದೂರದ್ದು. ಆದರೂ ಗಮನಿಸಿ: ದಾಟಿದವನು ತೆಪ್ಪವನ್ನು ಒಡೆಯುವುದಿಲ್ಲ. ದಡಕ್ಕೆ ಎಳೆದಿಡುತ್ತಾನೆ, ಇಲ್ಲವೇ ನೀರಿನಲ್ಲಿ ತೇಲಿಬಿಡುತ್ತಾನೆ. ಹಿಂದೆ ಬರುವವನಿಗೆ ಅದು ಸಿಗಬಹುದು ಎಂದು ನಾನು ಓದಿಕೊಳ್ಳುತ್ತೇನೆ. ಅದೂ ಅಲ್ಲದೆ, ನಾವು ಇನ್ನೂ ದಾಟಿಲ್ಲ ತಂಗಿ. ಚಾಳೀಸ್‌ಗಾಂವ್‌ನಂಥ ಊರುಗಳು ಇನ್ನೂ ಇವೆ. ನಡುನೀರಿನಲ್ಲಿ ತೆಪ್ಪದ ಹಗ್ಗ ಸಡಿಲವಾದರೆ ವೈರಾಗ್ಯ ಮಾತಾಡುವವರು ಯಾರು?

ಪೈಪು ಸುಮ್ಮನೆ ಬಾಗಿದ್ದರೆ ನಿಧಾನವಾಗಿ ನೆಟ್ಟಗೆ ಮಾಡಬಹುದಿತ್ತು. ನೆಗ್ಗಿದ ಜಾಗವನ್ನು ಬಡಿದು ಸರಿಮಾಡಿದರೆ ನೋಡಲು ನೆಟ್ಟಗಾದರೂ ಶಕ್ತಿ ಇರುವುದಿಲ್ಲ. ಅದನ್ನು ಕತ್ತರಿಸಿ ತೆಗೆದು, ಒಳಗೆ ಬಿಗಿಯಾಗಿ ಕೂರುವ ಇನ್ನೊಂದು ತುಂಡು ತೂರಿಸಿ, ಎರಡೂ ಕಡೆ ವೆಲ್ಡಿಂಗ್ ಮಾಡಬೇಕು. ಕಂಬ ಅರ್ಧ ಅಡಿ ಗಿಡ್ಡವಾಗುತ್ತದೆ, ಗುರುತು ಕಾಣುತ್ತದೆ. ಕಾಣಲಿ.

ಕಂಬ ಈಗ ಶಿಡ್ಲಘಟ್ಟದ ವರ್ಕ್‌ಶಾಪಿನಲ್ಲಿದೆ. ಅಕ್ಟೋಬರ್ 14ರ ಧಮ್ಮದೀಕ್ಷೆಯ ದಿನಕ್ಕೆ ಮೊದಲು ಗೌರಿಬಿದನೂರು ತಲುಪಬೇಕು. ಖರ್ಚನ್ನು ಎಲ್ಲರೂ ಹಂಚಿಕೊಳ್ಳೋಣ. ಅದೇ ಹುಡುಗನೇ ಗಾಡಿ ಓಡಿಸಲಿ ಎಂದು ಕೇಳಿದ್ದೇನೆ, ಒಪ್ಪಿದ್ದಾನೆ. ಕಟ್ಟುವುದಕ್ಕೆ ನಾಲ್ಕು ಜನ ಬೇಕು. ಬರುವವರು ಗೋಣಿಚೀಲ ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.