ನಾಬೋತನ ತೋಟ, ಸವಣೂರಿನ ಮನೆಗಳು



ಹಾವೇರಿ ಜಿಲ್ಲೆಯ ಸವಣೂರು ಎಂದೊಡನೆ ನಮಗೆ ನೆನಪಾಗುವುದು ಅಲ್ಲಿನ ವೀಳ್ಯದೆಲೆ, ಖಾರ, ದೊಡ್ಡಹುಣಸೆ ಮಠದ ಅಂಗಳದಲ್ಲಿರುವ ಮೂರು ಭಾರೀ ಮರಗಳು. ನವಾಬರು ಆಳಿದ ಊರದು. ಊರಿನವರು ಇವುಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಸಹಜವೇ.

ಆದರೆ 2010ರ ಜುಲೈ ತಿಂಗಳಲ್ಲಿ ಇದೇ ಊರಿನ ಹೆಸರು ಬೇರೊಂದು ಕಾರಣಕ್ಕೆ ದೇಶದ ಕಿವಿಗೆ ಬಿತ್ತು. ಅಲ್ಲಿನ ಪುರಸಭೆ ಕಚೇರಿಯ ಎದುರು ಭಂಗಿ ಸಮುದಾಯದ ಕೆಲವರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ತಲೆತಲಾಂತರದಿಂದ ಊರಿನ ಕಕ್ಕಸುಗಳನ್ನು ಬಳಿದು ಬದುಕಿದ ಕುಟುಂಬಗಳವು. ದಶಕಗಳಿಂದ ತಾವು ಬಾಳಿದ ಹಳೆಯ ಮನೆಗಳನ್ನು ತೆರವು ಮಾಡಿಸಿ, ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿದೆ ಎಂಬುದು ಅವರ ದೂರಾಗಿತ್ತು.

ಸುದ್ದಿ ಓದಿದವರು ಮುಖ ಸಿಂಡರಿಸಿದರು. ಆದರೆ ಯೋಚಿಸಿ ನೋಡಿ. ಆ ಹೊಲಸು ಅವರ ಮೈಗೆ ಅಂದು ಮೊದಲ ಬಾರಿ ತಾಗಿದ್ದೇ? ಅವರ ತಂದೆತಾಯಂದಿರ ಕೈಗೆ, ತಲೆಗೆ ಅದು ದಿನವೂ ತಾಗುತ್ತಿತ್ತು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾರ ಮೂಗಿಗೂ ಬಡಿಯಲಿಲ್ಲ. ಮನೆ ಕೈತಪ್ಪುವ ಹೊತ್ತಿಗೆ ಅವರು ಅದನ್ನೇ ಎಲ್ಲರ ಎದುರು ತಂದಿಟ್ಟರು. ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ಕೇಳುವವರಿರಲಿಲ್ಲ.

ಪವಿತ್ರ ಬೈಬಲಿನಲ್ಲಿ ಇದಕ್ಕೆ ಹತ್ತಿರವಾದ ಒಂದು ಘಟನೆಯಿದೆ. ಅರಸುಗಳು ಮೊದಲನೆಯ ಗ್ರಂಥದ 21ನೆಯ ಅಧ್ಯಾಯ ತೆರೆದು ನೋಡಿ. ಜೆಸ್ರೀಲಿನ ನಾಬೋತನಿಗೆ ಒಂದು ದ್ರಾಕ್ಷಿತೋಟವಿತ್ತು. ಅದು ಅರಸನಾದ ಅಹಾಬನ ಅರಮನೆಯ ಪಕ್ಕದಲ್ಲಿತ್ತು. ಅದೊಂದೇ ಅದರ ತಪ್ಪು. ಅರಸನಿಗೆ ಅಲ್ಲಿ ಕಾಯಿಪಲ್ಯ ಬೆಳೆಯುವ ಆಸೆಯಾಯಿತು. ಅಹಾಬನು ಮೊದಲಿಗೆ ಕಳ್ಳನಂತೆ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಬೆಲೆ ಕೊಡುತ್ತೇನೆ ಎಂದ. ನಾಬೋತ ಒಪ್ಪಲಿಲ್ಲ. ಅದು ಅವನಿಗೆ ಬರೀ ಮಣ್ಣಾಗಿರಲಿಲ್ಲ, ಪಿತ್ರಾರ್ಜಿತವಾಗಿತ್ತು. ದೇವರು ತನ್ನ ಹಿರಿಯರ ಕೈಗೆ ಒಪ್ಪಿಸಿದ್ದನ್ನು ಬೆಲೆ ಕಟ್ಟಿ ಮಾರುವುದು ಅವನಿಂದಾಗಲಿಲ್ಲ.

ಮುಂದಿನದು ನಿಮಗೆ ಗೊತ್ತು. ರಾಣಿ ಈಜೆಬೆಲಳು ಪತ್ರ ಬರೆದಳು. ಊರಿನ ಹಿರಿಯರು, ಗಣ್ಯರು ಅದರಂತೆ ನಡೆದುಕೊಂಡರು. ಸುಳ್ಳು ಸಾಕ್ಷಿ ಹೇಳಿಸಿ ನಾಬೋತನನ್ನು ಕಲ್ಲೆಸೆದು ಕೊಂದರು. ನನ್ನನ್ನು ಹೆಚ್ಚು ಕಾಡುವುದು ಅರಸನ ದುರಾಸೆಗಿಂತಲೂ ಆ ಊರಿನ ಹಿರಿಯರ ವಿಧೇಯತೆ. ಅವರಲ್ಲಿ ಒಬ್ಬನಾದರೂ 'ಇದು ಸರಿಯಲ್ಲ' ಎಂದಿದ್ದರೆ? ಕೊನೆಗೆ ಆ ಮಾತು ಆಡಲು ದೇವರು ಪ್ರವಾದಿ ಎಲೀಯನನ್ನೇ ಕಳುಹಿಸಬೇಕಾಯಿತು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಸೋರುವ ಮಾಡು, ಬಿರುಕುಬಿಟ್ಟ ಗೋಡೆ, ಕಿರಿದಾದ ಓಣಿ. ಇಂಥ ಮನೆಗಳನ್ನು ಕೆಡವಿ ಬೇರೆ ಕಡೆ ಹೊಸ ಮನೆ ಕೊಟ್ಟರೆ ಒಳ್ಳೆಯದಲ್ಲವೇ? ಬಡತನಕ್ಕೆ ಹೂವಿನ ಹಾರ ಹಾಕುವುದು ಧರ್ಮಸಭೆಯ ಬೋಧನೆಯಲ್ಲ. ಮಳೆಗಾಲದ ರಾತ್ರಿ ಕೂಸನ್ನು ಎತ್ತಿಕೊಂಡು ಒಣ ಮೂಲೆ ಹುಡುಕುವ ತಾಯಿಗೆ ಗಟ್ಟಿ ಸೂರು ಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲೇ, ಮನುಷ್ಯ ಮನುಷ್ಯನಾಗಿ ಬಾಳಲು ಬೇಕಾದವುಗಳಲ್ಲಿ ಅನ್ನ, ಬಟ್ಟೆಯೊಡನೆ ವಸತಿಯನ್ನೂ ಹೆಸರಿಸಿತು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದ 152ನೆಯ ಪರಿಚ್ಛೇದದಲ್ಲಿ, ಸ್ವಂತ ಮನೆಗೂ ವ್ಯಕ್ತಿಯ ಘನತೆಗೂ ಕುಟುಂಬದ ಬೆಳವಣಿಗೆಗೂ ನಂಟಿದೆ ಎಂದು ಬೋಧಿಸಿದರು. ಬಡವರನ್ನು ಸ್ಥಳಾಂತರಿಸುವುದು ಅನಿವಾರ್ಯವಾದರೆ ಮುಂಚಿತವಾಗಿ ತಿಳಿಸಬೇಕು, ಯೋಗ್ಯವಾದ ಮನೆಗಳ ಆಯ್ಕೆ ಕೊಡಬೇಕು, ಆ ನಿರ್ಧಾರದಲ್ಲಿ ಅವರಿಗೂ ಪಾಲಿರಬೇಕು ಎಂಬುದು ಅಲ್ಲಿನ ಬೋಧನೆ. ಮನೆಯವರನ್ನು ಕೇಳದೆ ಕೊಡುವ ಹೊಸ ಮನೆ ಅಹಾಬನ ಕೊಡುಗೆಯಂತೆಯೇ.

'ಆ ಕೇರಿಯವರಿಗೆ ಯಾಕಿಷ್ಟು ಹೆಮ್ಮೆ?' ಎಂದು ಕೆಲವರು ಕೇಳುವುದುಂಟು. ಗರ್ವವು ಏಳು ಮೂಲ ಪಾಪಗಳಲ್ಲಿ ಮೊದಲನೆಯದು, ನಿಜ. ಆದರೆ ಸಂತ ತೋಮಸ್ ಅಕ್ವಿನಾಸರು ಗರ್ವವನ್ನು ಪಾಪವೆಂದು ಎಣಿಸಿದಂತೆಯೇ, ಮನಸ್ಸಿನ ಔನ್ನತ್ಯವನ್ನು ಸದ್ಗುಣವೆಂದು ಎಣಿಸಿದ್ದಾರೆ. ಇತರರಿಗಿಂತ ನಾನು ಮೇಲು ಎನ್ನುವುದು ಗರ್ವ. ನಾನೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಎನ್ನುವುದು ಸ್ವಾಭಿಮಾನ. ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕುವ ಬಡ ಹೆಣ್ಣುಮಗಳಲ್ಲಿ ನಾವು ಕಾಣುವುದು ಈ ಸ್ವಾಭಿಮಾನವನ್ನು.

ನಮ್ಮ ಪ್ರಭುವಿನ ಊರನ್ನೇ ನೋಡಿ. ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಿಯೇಲನು ಸಂದೇಹಪಟ್ಟನು. ಬಡಗಿಯ ಮಗನೆಂದು ಜನ ಹಗುರವಾಗಿ ಮಾತಾಡಿದರು. ಶಿಲುಬೆಯ ಮೇಲಿನ ಫಲಕದಲ್ಲೂ ಆ ಊರಿನ ಹೆಸರಿತ್ತು. ಆದರೆ ಪುನರುತ್ಥಾನರಾದ ಪ್ರಭು ದಮಸ್ಕಸಿನ ದಾರಿಯಲ್ಲಿ ಸೌಲನಿಗೆ ತಮ್ಮ ಗುರುತು ಹೇಳಿಕೊಂಡದ್ದು ನಜರೇತಿನ ಯೇಸು ಎಂದೇ (ಪ್ರೇಷಿತರ ಕಾರ್ಯಕಲಾಪಗಳು 22:8). ಮಹಿಮೆಗೇರಿದ ಮೇಲೂ ಅವರು ತಮ್ಮ ಬಡ ಊರಿನ ಹೆಸರನ್ನು ಬಿಡಲಿಲ್ಲ.

ನಮ್ಮ ನಾಡಿನಲ್ಲೂ ಇದಕ್ಕೆ ನಿದರ್ಶನವಿದೆ. ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನಲ್ಲಿ, ಕಕ್ಕಸು ಬಳಿಯುವ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ತಮ್ಮವರ ನೋವನ್ನು ಕಂಡು ಸುಮ್ಮನೆ ಕೂರಲಿಲ್ಲ. ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿ, ಈ ಪದ್ಧತಿಯನ್ನು ಕಿತ್ತೊಗೆಯಲು ದೇಶದುದ್ದಕ್ಕೂ ದುಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಆ ಓಣಿಯಿಂದ ಒಳ್ಳೆಯದು ಬಂತು!

ಕಾನೂನುಗಳೇನೋ ಇವೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯಿದೆ ಬಂತು. 2010ರಲ್ಲಿ ಸವಣೂರಿನ ಘಟನೆ ನಡೆದದ್ದು ಇಷ್ಟೆಲ್ಲ ಆದ ಮೇಲೆ. 2013ರ ಹೊಸ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಶೌಚಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನೂ ಅಪರಾಧವೆಂದು ಸಾರಿತು. ಆದರೂ ಗುಂಡಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅಂತಃಕರಣದಲ್ಲೂ ಇರಬೇಕು.

ಪ್ರಿಯರೇ, ಇದು ದೂರದ ಸರ್ಕಾರದ ವಿಷಯವೆಂದು ಪುಟ ತಿರುಗಿಸಬೇಡಿ. ನಮ್ಮ ಮನೆಗಳಿಗೆ, ಶಾಲೆಗಳಿಗೆ, ಗುರುನಿವಾಸಗಳಿಗೆ ಶೌಚಗುಂಡಿಗಳಿವೆ. ಅವು ತುಂಬಿದಾಗ ನಾಲ್ಕು ಕಾಸು ಉಳಿಸಲು ಮನುಷ್ಯನನ್ನು ಇಳಿಸುತ್ತೇವೆಯೇ, ಯಂತ್ರದ ವಾಹನವನ್ನು ಕರೆಸುತ್ತೇವೆಯೇ? ಬೀದಿ ಗುಡಿಸುವ ಅಕ್ಕ ನೀರು ಕೇಳಿದರೆ ಮನೆಮಂದಿ ಕುಡಿಯುವ ಲೋಟದಲ್ಲಿ ಕೊಡುತ್ತೇವೆಯೇ? ನಮ್ಮ ಊರಿನಲ್ಲಿ ಒಂದು ಕೇರಿಯನ್ನು ತೆರವು ಮಾಡುವ ಮಾತು ಬಂದಾಗ, 'ಅಲ್ಲಿ ವಾಸಿಸುವವರನ್ನು ಕೇಳಿದಿರಾ?' ಎಂದು ಒಬ್ಬರಾದರೂ ಎದ್ದು ನಿಂತು ಕೇಳುತ್ತೇವೆಯೇ, ಅಥವಾ ಜೆಸ್ರೀಲಿನ ಹಿರಿಯರಂತೆ ತಲೆಯಾಡಿಸುತ್ತೇವೆಯೇ? ಓದು ಬಲ್ಲ ಯುವಜನರು ವಾರಕ್ಕೊಂದು ಸಂಜೆ ಆ ಓಣಿಯಲ್ಲಿ ಕುಳಿತು ಹಕ್ಕುಪತ್ರಕ್ಕೆ, ಪಡಿತರ ಚೀಟಿಗೆ ಅರ್ಜಿ ಬರೆದುಕೊಟ್ಟರೆ, ಅದು ಬಲಿಪೂಜೆಯ ಮುಂದುವರಿಕೆಯೇ ಆಗುತ್ತದೆ.

ಶಿಷ್ಯರ ಕೊಳಕು ಕಾಲುಗಳನ್ನು ತೊಳೆದ ಪ್ರಭು ಪರಮ ಪ್ರಸಾದವಾಗಿ ನಮ್ಮ ಕೈಗೆ ಬರುತ್ತಾರೆ. ಆ ಕೈಗಳು ಯಾರನ್ನೂ ಹೊರಗೆ ತಳ್ಳದಿರಲಿ. ಈ ವಾರದ ಕುಟುಂಬ ಪ್ರಾರ್ಥನೆಯಲ್ಲಿ ಹೀಗೆ ಬೇಡೋಣ:

ತಲೆಯಿಡಲು ಸ್ಥಳವಿಲ್ಲದೆ ನಡೆದಾಡಿದ ಪ್ರಭುವೇ, ಮನೆ ಕಳೆದುಕೊಳ್ಳುವ ಭಯದಲ್ಲಿರುವವರ ಹೊಸ್ತಿಲಲ್ಲಿ ನೀವು ಕಾವಲಿರಿ. ಅವರ ಪರವಾಗಿ ಮಾತನಾಡುವ ಧೈರ್ಯವನ್ನು ನಮಗೆ ಕೊಡಿ. ಆಮೆನ್.